ಸಂತನ ಹೆಸರು, ಊರಿನ ಹೆಸರು, ಮಗುವಿನ ಹೆಸರು

ಉದಗೀರದ ಕೋಟೆಯೊಳಗೆ ಉದಯಗಿರಿ ಎಂಬ ಋಷಿಯ ಸಮಾಧಿಯಿದೆ. ಜನರು ಆತನನ್ನು ಉದಾಗೀರ ಬಾಬಾ ಎಂದು ಕರೆದು ನಡೆದುಕೊಳ್ಳುತ್ತಾರೆ. ಊರಿಗೆ ಹೆಸರು ಬಂದದ್ದು ಆ ಋಷಿಯಿಂದಲೇ ಎಂಬುದು ಅಲ್ಲಿನ ದೃಢವಾದ ನಂಬಿಕೆ. ಊರಿನ ಹಳೆಯ ಕಾಲೇಜು ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯವೆಂಬ ಹೆಸರನ್ನು ಹೊತ್ತಿದೆ. 2022ರ ಏಪ್ರಿಲಿನಲ್ಲಿ ತೊಂಬತ್ತೈದನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನೆರೆದದ್ದು ಇದೇ ಊರಿನಲ್ಲಿ. ಹೀಗೆ ಋಷಿಯ ಹೆಸರು ಊರಿಗೆ, ಊರಿನ ಹೆಸರು ವಿದ್ಯಾಸಂಸ್ಥೆಗೆ ಇಳಿದು ಬಂದಿದೆ. ಅಲ್ಲಿಂದ ಅದು ಮನುಷ್ಯರಿಗೂ ಇಳಿದಿದೆ. ಮರಾಠವಾಡದ ಯಾವ ಶಹರಕ್ಕೆ ಹೋದರೂ ಉದಗೀರಕರ ಎಂಬ ಅಡ್ಡಹೆಸರಿನ ಮನೆಯೊಂದು ಸಿಗುವುದು ಕಷ್ಟವಲ್ಲ. ಆ ಮನೆಯ ಮಗು ಶಾಲೆಯಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಹೇಳುವಾಗ, ತಿಳಿಯದೆಯೇ ಒಬ್ಬ ಸಂತನನ್ನು ನೆನೆದಂತಾಗುತ್ತದೆ.

ಋಷಿ ಮೊದಲೋ ಬೆಟ್ಟ ಮೊದಲೋ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಉದಯಗಿರಿ ಎಂದರೆ ಸೂರ್ಯ ಮೂಡುವ ಬೆಟ್ಟ. ಭುವನೇಶ್ವರದ ಬಳಿ ಒಂದು ಉದಯಗಿರಿಯಿದೆ, ವಿದಿಶೆಯ ಬಳಿ ಇನ್ನೊಂದು, ಕೃಷ್ಣದೇವರಾಯನು ಗಜಪತಿಯಿಂದ ಗೆದ್ದ ನೆಲ್ಲೂರು ಸೀಮೆಯ ಉದಯಗಿರಿ ಮತ್ತೊಂದು. ಅವುಗಳಿಗೆಲ್ಲ ಋಷಿಯ ಕಥೆ ಬೇಕಾಗಲಿಲ್ಲ. ಆದರೆ ದಶನಾಮಿ ಸಂನ್ಯಾಸಿಗಳ ಹತ್ತು ಹೆಸರುಗಳಲ್ಲಿ 'ಗಿರಿ' ಎಂಬುದೂ ಒಂದು. ಆದ್ದರಿಂದ ಉದಯಗಿರಿ ಎಂಬ ಹೆಸರಿನ ಸಂನ್ಯಾಸಿ ಇದ್ದನೆಂಬುದರಲ್ಲಿ ಅಸಂಭವವಾದದ್ದು ಏನೂ ಇಲ್ಲ. ಬೆಟ್ಟದ ಹೆಸರು ಸಂತನಿಗೆ, ಸಂತನ ಹೆಸರು ಊರಿಗೆ, ಊರಿನ ಹೆಸರು ಮನೆತನಕ್ಕೆ: ಹೆಸರು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಲೇ ಇರುತ್ತದೆ.

ನಿಲಂಗಾದ ಸಂಗತಿಯೂ ಇದೇ ಜಾತಿಯದು. ಅಲ್ಲಿ ನೀಲಕಂಠೇಶ್ವರನ ಪ್ರಾಚೀನ ದೇವಾಲಯವಿದೆ. ಊರಿನ ಹೆಸರಿಗೂ ಆ ದೇವರ ಹೆಸರಿಗೂ ನಂಟು ಕಲ್ಪಿಸುವವರಿದ್ದಾರೆ. ಆ ಊರಿನವರಾಗಿ 1985-86ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಶಿವಾಜಿರಾವ್ ಪಾಟೀಲರನ್ನು ರಾಜ್ಯವೆಲ್ಲ ಗುರುತಿಸಿದ್ದು ನಿಲಂಗೇಕರ ಎಂಬ ಹೆಸರಿನಿಂದ. ಲೋಕಸಭೆಯ ಅಧ್ಯಕ್ಷರಾಗಿದ್ದ ಶಿವರಾಜ ಪಾಟೀಲರು ಚಾಕೂರಕರ ಆದದ್ದೂ ಹಾಗೆಯೇ. ಉಮರ್ಗಾ ತಾಲೂಕಿನ ಮುರೂಮದಿಂದ ಬಂದು ರಾಜ್ಯದಲ್ಲಿ ಮಂತ್ರಿಯಾದ ಬಸವರಾಜ ಪಾಟೀಲ ಮುರೂಮಕರರ ಹೆಸರನ್ನು ಬಿಡಿಸಿದರೆ ಅದರಲ್ಲಿ ಒಬ್ಬ ಸಂತ, ಒಂದು ಹುದ್ದೆ, ಒಂದು ಊರು ಒಟ್ಟಿಗೆ ಸಿಗುತ್ತವೆ. ಊರನ್ನು ಹೆಸರಿನಲ್ಲಿ ಹೊರುವ ಈ ರೂಢಿ ಮರಾಠಿಯ 'ಕರ'ದಿಂದಲೇ ಶುರುವಾದದ್ದಲ್ಲ. ಕವಿರಾಜಮಾರ್ಗದ ಕಾಲದ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರ ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರು. ಸವದತ್ತಿಯಲ್ಲಿ ಆಳಿದ ರಟ್ಟರೂ ಆ ಬಿರುದನ್ನು ಬಿಡಲಿಲ್ಲ. ಊರು ಕೈಯಲ್ಲಿರಲಿ ಇಲ್ಲದಿರಲಿ, ಹೆಸರಿನಲ್ಲಿ ಇರಬೇಕೆಂಬ ಹಂಬಲ ಹಳೆಯದು.

ಸಂತನು ಊರಾಗಿ, ಮತ್ತೆ ಮನುಷ್ಯನಾಗುವ ಈ ದಾರಿ ಲೋಕದಲ್ಲಿ ಬೇರೆಡೆಯೂ ಇದೆ. ಫ್ರಾನ್ಸಿನಲ್ಲಿ ಅದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮೊದಲ ಧರ್ಮಾಧ್ಯಕ್ಷನಾಗಿದ್ದ ದೆನಿ ಎಂಬ ಕ್ರೈಸ್ತ ಸಂತನನ್ನು ರೋಮನ್ ಆಡಳಿತ ತಲೆ ಕಡಿಸಿ ಕೊಂದಿತು. ಅವನು ಕಡಿದ ತಲೆಯನ್ನು ಕೈಯಲ್ಲಿ ಹಿಡಿದು ಉತ್ತರಕ್ಕೆ ನಡೆದನೆಂಬುದು ಐತಿಹ್ಯ. ಅವನ ಸಮಾಧಿಯ ಸುತ್ತ ಬೆಳೆದ ಊರು ಸ್ಯಾಂ-ದೆನಿ. ಅಲ್ಲಿನ ಮಹಾದೇವಾಲಯದಲ್ಲಿ ಫ್ರಾನ್ಸಿನ ಅರಸರ ಸಮಾಧಿಗಳಿವೆ. 2024ರ ಆಗಸ್ಟಿನಲ್ಲಿ ನೀರಜ್ ಚೋಪ್ರಾ 89.45 ಮೀಟರ್ ದೂರಕ್ಕೆ ಭರ್ಜಿ ಎಸೆದು ಒಲಿಂಪಿಕ್ ಬೆಳ್ಳಿ ಗೆದ್ದ ಕ್ರೀಡಾಂಗಣವಿರುವುದೂ ಆ ಸ್ಯಾಂ-ದೆನಿಯಲ್ಲಿ. ಹಿಂದೂ ಮಹಾಸಾಗರದ ರೆಯೂನಿಯೊಂ ದ್ವೀಪದ ರಾಜಧಾನಿಯ ಹೆಸರೂ ಸ್ಯಾಂ-ದೆನಿಯೇ. ಇನ್ನು ಮನುಷ್ಯರಲ್ಲಿ ವಿಶ್ವಕೋಶವನ್ನು ಸಂಪಾದಿಸಿದ ದೆನಿ ದಿದೆರೊ ಇದ್ದಾನೆ, ಗಣಿತಜ್ಞ ಸಿಮೆಯೊಂ ದೆನಿ ಪ್ವಾಸೊಂ ಇದ್ದಾನೆ. 1679ರಲ್ಲಿ ಆವಿಯನ್ನು ಬಂಧಿಸಿ ಬೇಯಿಸುವ ಪಾತ್ರೆಯನ್ನು ಕಂಡುಹಿಡಿದ ದೆನಿ ಪಾಪ್ಯಾಂ ಕೂಡ ಇದ್ದಾನೆ. ಪ್ರತಿ ಮನೆಯ ಒಲೆಯ ಮೇಲೆ ಶಿಳ್ಳೆ ಹಾಕುವ ಕುಕ್ಕರಿನ ಮೂಲಪುರುಷ ಅವನೇ.

ಕುತೂಹಲದ ಸಂಗತಿ ಬೇರೆಯೇ ಇದೆ. ದೆನಿ ಎಂಬ ಹೆಸರು ಹುಟ್ಟಿನಿಂದ ಕ್ರೈಸ್ತರದಲ್ಲ. ಗ್ರೀಕರ ಮಧುದೇವತೆ ದಿಯೊನಿಸಸ್ ಎಂಬ ಹೆಸರು ನಾಲಗೆಗಳ ಮೇಲೆ ಸವೆದು ಸವೆದು ದೆನಿಯಾಯಿತು. ಇಷ್ಟು ದೂರದ ಮಾತನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಇದೇ ಸವೆತ ಗಡಿನಾಡಿನ ಅತ್ಯಂತ ಪ್ರಿಯವಾದ ಹೆಸರಿನಲ್ಲೂ ನಡೆದಿದೆ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹವಾಗಿ ಕನ್ನಡದಲ್ಲಿ ಬಸವವಾಯಿತು. ಹನ್ನೆರಡನೆಯ ಶತಮಾನಕ್ಕೆ ಮೊದಲು ಬಸವ ಎಂದರೆ ಶಿವನ ಎತ್ತು. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಇಂದಿನ ಸೋಲಾಪುರ ಜಿಲ್ಲೆಯ ಮಂಗಳವೇಢೆಯಲ್ಲೂ ಆಮೇಲೆ ಕಲ್ಯಾಣದಲ್ಲೂ ಬಿಜ್ಜಳನ ಆಡಳಿತದಲ್ಲಿ ದುಡಿದ ಒಬ್ಬ ಮನುಷ್ಯ ಆ ಹೆಸರಿನ ಅರ್ಥವನ್ನೇ ಬದಲಿಸಿದನು. ಈಗ ಬಸವ ಎಂದಾಗ ಎತ್ತು ಎರಡನೆಯದಾಗಿ ನೆನಪಾಗುತ್ತದೆ.

ಬಸವನ ಹೆಸರು ಹಬ್ಬಿದ ರೀತಿಯಲ್ಲಿ ಒಂದು ವಿಶೇಷವಿದೆ. ಅದು ಊರಿಗಿಂತ ಮೊದಲು ಮನೆಗಳನ್ನು ಹಿಡಿಯಿತು. ಬಸಪ್ಪ, ಬಸಣ್ಣ, ಬಸಯ್ಯ, ಬಸವರಾಜ, ಬಸವಂತ, ಬಸವಣ್ಣಪ್ಪ, ಶರಣಬಸಪ್ಪ, ಗುರುಬಸಪ್ಪ, ಬಸಮ್ಮ, ಬಸವ್ವ: ಇಷ್ಟು ರೂಪಗಳು ಒಂದೇ ಓಣಿಯಲ್ಲಿ ದೊರೆತಾವು. ಊರುಗಳು ನಿಧಾನವಾಗಿ ಬಂದವು. ಬಾಗೇವಾಡಿಗೆ ಬಸವನ ಹೆಸರು ಮುಂದೆ ಸೇರಿ ಬಸವನ ಬಾಗೇವಾಡಿಯಾಯಿತು. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ, ನಿಜಾಮರ ಕಾಲದಲ್ಲಿ ಕಲ್ಯಾಣಿ ಎಂಬ ಜಹಗೀರು, ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಬಸವಕಲ್ಯಾಣವಾಯಿತು. ಉಮರ್ಗಾದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಗಡಿ ದಾಟಿದವರಿಗೆ ಮೊದಲು ಸಿಗುವ ದೊಡ್ಡ ಹೆಸರು ಅದೇ. ಕಲ್ಯಾಣವೂ ಸುಮ್ಮನೆ ಊರಾಗಿ ಕುಳಿತುಕೊಳ್ಳಲಿಲ್ಲ. ಅದು ಕಲ್ಯಾಣಪ್ಪನಾಗಿ, ಕಲ್ಯಾಣರಾವನಾಗಿ ಮನೆಗಳಿಗೆ ಮರಳಿತು. ಊರಿನ ಮೇಲೆ ಸಂತನ ಹೆಸರಿಡುವುದು ಸಾಮಾನ್ಯ, ಮಗುವಿಗೆ ಸಂತನ ಊರಿನ ಹೆಸರಿಡುವುದು ಅಪರೂಪದ ಪ್ರೀತಿ.

ಸೊನ್ನಲಿಗೆಯ ಸಿದ್ಧರಾಮನ ಹೆಸರಿನ ಪಯಣ ಇನ್ನೂ ಉದ್ದವಾದದ್ದು. ಸೋಲಾಪುರದ ಕೆರೆಯ ನಡುವಣ ಗುಡಿ, ಅವನು ಊರ ಸುತ್ತ ಸ್ಥಾಪಿಸಿದನೆನ್ನುವ 68 ಲಿಂಗಗಳು, ಸಂಕ್ರಾಂತಿಯ ಜಾತ್ರೆಯಲ್ಲಿ ಮೆರೆಯುವ ಏಳು ನಂದಿಧ್ವಜಗಳು ಉಮರ್ಗಾ ಸೀಮೆಯವರಿಗೆ ಹೊಸತಲ್ಲ. ರಾಘವಾಂಕನು ಅವನ ಮೇಲೆ ಸಿದ್ಧರಾಮ ಚಾರಿತ್ರವನ್ನು ಬರೆದನು. ಆದರೆ ಕಾವ್ಯಕ್ಕಿಂತ ದೂರ ನಡೆದದ್ದು ಬರಿಯ ಹೆಸರು. ಗಡಿಯಲ್ಲಿ ಅದು ಸಿದ್ರಾಮಪ್ಪ, ಸಿದ್ರಾಮ, ಸಿದ್ಧೇಶ್ವರ. ಮೈಸೂರು ಜಿಲ್ಲೆಗೆ ಹೋದರೆ ಸಿದ್ದರಾಮನಹುಂಡಿ ಎಂಬ ಊರಿದೆ, ಅಲ್ಲಿ ಸಿದ್ದರಾಮೇಶ್ವರನ ಗುಡಿಯಿದೆ, ಆ ಊರಿನಲ್ಲಿ ಹುಟ್ಟಿ ಕರ್ನಾಟಕದ ಮುಖ್ಯಮಂತ್ರಿಯಾದವರ ಹೆಸರು ಸಿದ್ದರಾಮಯ್ಯ. ದೇವರು, ಊರು, ಮನುಷ್ಯ ಮೂವರೂ ಒಂದೇ ಹೆಸರಿನವರಾಗಿರುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಫ್ರಾನ್ಸಿನಲ್ಲೂ ಸಿಗುವುದು ಕಷ್ಟ.

ಎಲ್ಲ ಶರಣರ ಹೆಸರಿಗೂ ಈ ಭಾಗ್ಯ ದೊರೆಯಲಿಲ್ಲ ಎಂಬುದನ್ನು ಹೇಳದೆ ಹೋದರೆ ಅಪ್ರಾಮಾಣಿಕವಾದೀತು. ಬಸವನ ಹೆಸರನ್ನು ಎಲ್ಲ ಕುಲದವರೂ ಇಟ್ಟುಕೊಂಡರು. ಹರಳಯ್ಯ, ಕಕ್ಕಯ್ಯ ಎಂಬ ಹೆಸರುಗಳು ಬಹುಮಟ್ಟಿಗೆ ಅವರವರ ಸಮುದಾಯದ ಮನೆಗಳಲ್ಲೇ ಉಳಿದವು. ಜಾತಿಯ ಗೋಡೆ ಕೆಡವಲು ಹೊರಟವರ ಹೆಸರುಗಳ ನಡುವೆಯೇ ಗೋಡೆ ಎದ್ದು ನಿಂತದ್ದು ಸಣ್ಣ ವಿಪರ್ಯಾಸವಲ್ಲ. ಆದರೂ ಕಕ್ಕಯ್ಯನ ಹೆಸರು ದೂರ ಪ್ರಯಾಣ ಮಾಡಿದೆ. ಚರ್ಮ ಹದಮಾಡುವ ಕಸುಬಿನವರು ಮುಂಬಯಿಗೆ ದುಡಿಯಲು ಹೋದಾಗ ತಮ್ಮ ಸಂತನನ್ನೂ ಒಯ್ದರು. ಧಾರಾವಿಯಲ್ಲಿ ಇಂದು ಸಂತ ಕಕ್ಕಯ್ಯ ಮಾರ್ಗವಿದೆ. ಲಕ್ಷಾಂತರ ಜನರು ಅಂಚೆಯ ವಿಳಾಸವಾಗಿ ಮಾತ್ರ ಬಲ್ಲ ಆ ರಸ್ತೆ ಕಲ್ಯಾಣದ ಶರಣನದು.

ಇನ್ನು ಗಡಿನಾಡಿನ ಹೆಸರುಗಳ ಬಾಲವನ್ನು ಗಮನಿಸಬೇಕು; ಈ ಲೇಖನದ ಮುಖ್ಯ ವಿಷಯ ಅಲ್ಲಿಯೇ ಇದೆ. ಮನ್ಮಥ ಸ್ವಾಮಿಗಳು ಮರಾಠಿಯಲ್ಲಿ ಪರಮರಹಸ್ಯವೆಂಬ ಗ್ರಂಥವನ್ನು ಬರೆದ ವೀರಶೈವ ಸಂತರು. ಅವರ ಸಮಾಧಿ ಬೀಡ ಜಿಲ್ಲೆಯ ಕಪಿಲಧಾರದಲ್ಲಿದೆ. ಲಾತೂರು, ನಿಲಂಗಾ, ಉದಗೀರಗಳ ಲಿಂಗಾಯತ ಮನೆಗಳಲ್ಲಿ ಅವರ ಹೆಸರು ಮನ್ಮಥಪ್ಪ ಎಂದಾಗುತ್ತದೆ. ಸಂತರು ಮರಾಠಿಯವರು, ಮನೆಯ ಮಾತು ಮರಾಠಿ, ಆದರೆ ಕೊನೆಯಲ್ಲಿ 'ಅಪ್ಪ' ಬಂದು ಕುಳಿತಿದ್ದಾನೆ. ಕಲಬುರಗಿಯ ಖಾಜಾ ಬಂದೇನವಾಜರು ದಿಲ್ಲಿಯವರು, ತೈಮೂರನ ದಾಳಿಯ ಕಾಲಕ್ಕೆ ದಕ್ಷಿಣಕ್ಕೆ ಬಂದು 1422ರಲ್ಲಿ ಕಲಬುರಗಿಯಲ್ಲಿ ದೇಹವಿಟ್ಟವರು. ಅವರ ಬಿರುದು ಪಾರಸಿಯದು. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಹರಕೆಗೆ ಹುಟ್ಟಿದ ಮಕ್ಕಳು ಖಾಜಪ್ಪ, ಹುಸೇನಪ್ಪ, ಫಕೀರಪ್ಪರಾದರು. ಹುಮನಾಬಾದಿನ ಬಳಿ ತಮ್ಮ ಹೆಸರಿನ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಮಾಣಿಕರಾವರೂ ಆದರು, ಮಾಣಿಕಪ್ಪರೂ ಆದರು. ಉದಗೀರದಲ್ಲಿ ಹಾವಗಿಸ್ವಾಮಿಗಳ ಹೆಸರಿನ ಕಾಲೇಜಿದೆ. ಅದೇ ಸಂತನನ್ನು ಒಂದು ಮನೆ ಹಾವಗಿರಾವನೆಂದೂ ಇನ್ನೊಂದು ಮನೆ ಹಾವಗಪ್ಪನೆಂದೂ ಕರೆಯುತ್ತದೆ. ಸಂತನು ಯಾವ ಭಾಷೆಯವನಾದರೂ ಆಗಲಿ, ತೊಟ್ಟಿಲ ಬಳಿ ಬಂದಾಗ ಅವನ ಹೆಸರಿಗೆ ಕನ್ನಡದ ಅಪ್ಪನೋ ಅಮ್ಮನೋ ಅಣ್ಣನೋ ಅಂಟಿಕೊಂಡರು.

ಅಪ್ಪಾ ಎಂಬುದು ಮರಾಠಿಯಲ್ಲೂ ಇದೆಯಲ್ಲ ಎನ್ನಬಹುದು. ಇದೆ, ವಸಯಿಯನ್ನು ಗೆದ್ದ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ. ಮರಾಠಿಯ ಅಣ್ಣಾ, ಅಕ್ಕಾ, ಅಪ್ಪಾ ಮೂರೂ ದ್ರಾವಿಡ ಮೂಲದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಆದರೆ ಅಲ್ಲಿ ಅದು ಹೆಸರಿನ ಪಕ್ಕದಲ್ಲಿ ನಿಲ್ಲುವ ಗೌರವದ ಮಾತು. ಇಲ್ಲಿ ಅದು ಹೆಸರಿನ ಒಳಗೇ ಹೊಕ್ಕ ಅಂಗ. ಬಸಪ್ಪನಿಂದ ಅಪ್ಪನನ್ನು ತೆಗೆದರೆ ಉಳಿಯುವುದು ಬರಿಯ ಬಸ್ಸು. ಉದಗೀರದ ಎಷ್ಟೋ ಮನೆಗಳಲ್ಲಿ ಕನ್ನಡ ಮಾತು ಅಜ್ಜಿಯ ಕಾಲಕ್ಕೇ ನಿಂತುಹೋಗಿದೆ. ಆದರೂ ಆ ಮನೆಯ ಹಿರಿಯರ ಹೆಸರು ಶಿವಪ್ಪ, ಕಾಶಪ್ಪ, ವಿಶ್ವನಾಥಪ್ಪ. ಮಾತು ಹೋದ ಮೇಲೂ ಹೆಸರು ನಿಂತಿದೆ. ಉದಗೀರ ತಾಲೂಕಿನ ದೇವರ್ಜನದ ಬಳಿಯ ಗುಡ್ಡಕ್ಕೆ ಹತ್ತಿಬೇಟ ಎನ್ನುತ್ತಾರೆ. ಹತ್ತಿ ಎಂಬ ಮರಾಠಿ ಆನೆಯ ಬೆನ್ನಿಗೆ ಕನ್ನಡದ ಬೆಟ್ಟ ಅಂಟಿಕೊಂಡಂತೆ ಅದು ಕಿವಿಗೆ ಕೇಳುತ್ತದೆ.

ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರಾಂತದಲ್ಲಿ ನಡೆದದ್ದೂ ಇದೇ. ಆರನೆಯ ಶತಮಾನದ ಹೊತ್ತಿಗೆ ಕಡಲು ದಾಟಿ ಬಂದ ಕೆಲ್ಟಿಕ್ ಸಂತರು ಅಲ್ಲಿನ ಊರುಗಳಿಗೆ ತಮ್ಮ ಹೆಸರು ಬಿಟ್ಟರು. ಅವರಲ್ಲಿ ಒಬ್ಬ ಮಾಲೊ. ಅವನ ಊರು ಸ್ಯಾಂ-ಮಾಲೊ. ಆ ಊರಿನ ನಾವಿಕರು ದಕ್ಷಿಣ ಅಟ್ಲಾಂಟಿಕ್ಕಿನ ದ್ವೀಪಗಳಿಗೆ ಹೋದದ್ದರಿಂದ ಅವು ಮಾಲ್ವಿನಾ ಆದವು. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ್ದು ಒಬ್ಬ ಕೆಲ್ಟಿಕ್ ಸಂತನ ಹೆಸರಿನ ನೆಲಕ್ಕಾಗಿ. ಬ್ರಿಟನಿಯ ಪೂರ್ವ ಭಾಗದಲ್ಲಿ ಬ್ರೆತಾನ್ ಭಾಷೆ ಮಾತಿನಿಂದ ಎಂದೋ ಮರೆಯಾಗಿದೆ, ಊರ ಹೆಸರುಗಳಲ್ಲಿ ಉಳಿದಿದೆ.

ಹೆಸರು ಉಳಿಯುವುದು ತಾನಾಗಿಯೇ ಅಲ್ಲ. ಸರಕಾರಗಳು ಹೆಸರನ್ನು ಅಳಿಸಲೂ ಬಲ್ಲವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಸಂತರ ಹೆಸರಿನ ಅನೇಕ ಊರುಗಳಿಗೆ ಹೊಸ ಹೆಸರು ಬಂತು. ಸ್ಯಾಂ-ದೆನಿ ಕೆಲವು ವರ್ಷ ಫ್ರಾನ್ಸಿಯಾದ್ ಎನಿಸಿಕೊಂಡು ಮತ್ತೆ ಮೊದಲಿನಂತಾಯಿತು. ಹೈದರಾಬಾದಿನ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಉಸ್ಮಾನಾಬಾದ್ 2023ರಲ್ಲಿ ಧಾರಾಶಿವವೆಂಬ ಹಳೆಯ ಹೆಸರಿಗೆ ಮರಳಿದ್ದು ಉಮರ್ಗಾದವರ ಕಣ್ಣೆದುರಿನ ಸಂಗತಿ. ಅವರ ಜಿಲ್ಲೆಯೇ ಅದು. ಉದಗೀರ ಮತ್ತು ನಿಲಂಗಾದವರಿಗೆ ಜಿಲ್ಲೆಯ ಹೆಸರು ಬದಲಾದದ್ದು ಇನ್ನೊಂದು ಬಗೆಯಲ್ಲಿ. 1956ರ ವರೆಗೆ ಅವೆರಡೂ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆ ಅಹಮದಪುರ, ನಿಲಂಗಾ, ಉದಗೀರಗಳನ್ನು ಬಿಟ್ಟು ಉಳಿದ ಬೀದರದ ಹೆಚ್ಚಿನ ಭಾಗವನ್ನು ಮೈಸೂರಿಗೆ ಕೊಟ್ಟಿತು. ಆ ಮೂರೂ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರು ಜಿಲ್ಲೆ ರೂಪುಗೊಂಡಾಗ ಅದಕ್ಕೆ ಬಂದವು. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ಮೂರು ಜಿಲ್ಲೆಗಳಲ್ಲಿ ಹುಟ್ಟಿದವರು, ಮನೆ ಮಾತ್ರ ಅಲ್ಲಿಂದ ಕದಲಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಆ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಗಡಿಯ ಪ್ರತಿ ಕನ್ನಡ ಶಿಕ್ಷಕರೂ ಬಲ್ಲರು. ಅವರು ಹುಟ್ಟಿದ್ದು 1890ರಲ್ಲಿ, ಉದಗೀರಕ್ಕೂ ಭಾಲ್ಕಿಗೂ ನಡುವೆ ರೈಲು ನಿಲ್ಲುವ ಕಮಲನಗರದಲ್ಲಿ, ಲಿಂಗೈಕ್ಯರಾದದ್ದು 1999ರಲ್ಲಿ. ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಹೆಸರನ್ನು ಹೊತ್ತ ಈ ಮನುಷ್ಯ ಕಲ್ಯಾಣದಲ್ಲಿ ಅನುಭವ ಮಂಟಪವನ್ನು ಮತ್ತೆ ಕಟ್ಟಲು ಊರೂರು ತಿರುಗಿದರು. ಫಲಕದ ಮೇಲೆ ಉರ್ದು ಬರೆಯಬಹುದಾಗಿತ್ತು, ಒಳಗೆ ಕುಳಿತ ಮಕ್ಕಳ ಹಾಜರಿ ಕೂಗಿದಾಗ ಕೇಳುವ ಹೆಸರುಗಳನ್ನು ಯಾವ ಲಿಪಿಯೂ ಬೇರೆ ಭಾಷೆಗೆ ತಿರುಗಿಸಲಾರದಾಗಿತ್ತು.

ಇಂದಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಆತಂಕ ಬೇರೆ ರೂಪದಲ್ಲಿದೆ. ಪುಸ್ತಕ ಬಾಲಭಾರತಿಯ ಕನ್ನಡ ಪುಸ್ತಕ, ಪಾಠ ಕನ್ನಡ, ಆದರೆ ಜನನ ದಾಖಲೆ ಮರಾಠಿಯಲ್ಲಿ, ಆಧಾರ್ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಮಗುವಿನ ಹೆಸರು ಕನ್ನಡದಿಂದ ದೇವನಾಗರಿಗೆ, ಅಲ್ಲಿಂದ ರೋಮನ್ನಿಗೆ ಜಿಗಿಯುತ್ತದೆ. ಪ್ರತಿ ಜಿಗಿತದಲ್ಲೂ ಏನಾದರೊಂದು ಉದುರುತ್ತದೆ. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ಉಚ್ಚರಿಸುವುದಿಲ್ಲ. ಬಸವ ಎಂದು ಬರೆದರೆ ಬಸವ್ ಎಂದು ಓದುತ್ತಾರೆ. ಆದ್ದರಿಂದ ಬಸಪ್ಪನನ್ನು ಬಸಪ್ಪಾ ಎಂದು ದೀರ್ಘವಾಗಿ ಬರೆಯುವುದು ರೂಢಿ. ಅದು ತಪ್ಪಲ್ಲ, ಸ್ವರವನ್ನು ಕಾಪಾಡುವ ಉಪಾಯ. ಕನ್ನಡದ ಹ್ರಸ್ವ ಎಕಾರ, ಒಕಾರಗಳಿಗೆ ಮರಾಠಿ ಲಿಪಿಯಲ್ಲಿ ಬೇರೆ ಚಿಹ್ನೆಯಿಲ್ಲ. ಚೆನ್ನಬಸಪ್ಪ ಒಂದು ಕಾಗದದಲ್ಲಿ ಚೇನ್ನಬಸಪ್ಪಾ, ಇನ್ನೊಂದರಲ್ಲಿ ಚನ್ನಬಸಪ್ಪಾ ಆಗುತ್ತಾನೆ. ಬಸವರಾಜ ಮರಾಠಿ ನಾಲಗೆಯಲ್ಲಿ ಬಸ್ವರಾಜ. ಇಂಗ್ಲಿಷ್ ಕಾಗುಣಿತವೂ ಅದನ್ನೇ ಹಿಂಬಾಲಿಸುತ್ತದೆ. ಬಂದೆಪ್ಪ ಮತ್ತು ಬಂಡೆಪ್ಪ ಎಂಬ ಎರಡು ಬೇರೆ ಹೆಸರುಗಳು ರೋಮನ್ ಅಕ್ಷರದಲ್ಲಿ ಒಂದೇ ಆಗಿಬಿಡುತ್ತವೆ. ಮೂಲದಲ್ಲಿ ಇದ್ದದ್ದು ದಕಾರವೋ ಡಕಾರವೋ ಎಂಬುದನ್ನು ಆ ಕಾಗದದಿಂದ ತಿಳಿಯುವ ದಾರಿಯೇ ಇಲ್ಲ.

ಒಂದು ಅಕ್ಷರಕ್ಕಾಗಿ ಇಷ್ಟು ಚಿಂತೆ ಏಕೆ ಎನ್ನುವವರು ಬ್ರಿಟನಿಯ ಕಥೆಯನ್ನು ಕೇಳಬೇಕು. ಫ್ರಾನ್ಸಿನಲ್ಲಿ 1803ರ ಕಾನೂನೊಂದು ಮಕ್ಕಳಿಗೆ ಪಂಚಾಂಗಗಳಲ್ಲಿರುವ ಹೆಸರುಗಳನ್ನು ಮತ್ತು ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರುಗಳನ್ನು ಮಾತ್ರ ಇಡಲು ಅವಕಾಶ ಕೊಟ್ಟಿತ್ತು. ಬ್ರೆತಾನ್ ಹೆಸರಿಟ್ಟ ಒಂದು ಕುಟುಂಬದ ಮಕ್ಕಳನ್ನು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಧಿಕಾರಿಗಳು ದಾಖಲೆಗೆ ಸೇರಿಸದೆ, ಆ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ತಂದೆತಾಯಿಗಳಿಗೆ ಹೆಸರಿನ ಸ್ವಾತಂತ್ರ್ಯ ಪೂರ್ತಿಯಾಗಿ ದೊರೆತದ್ದು 1993ರಲ್ಲಿ. ಆಮೇಲೂ ತಕರಾರು ಮುಗಿಯಲಿಲ್ಲ. ಫ್ರಾಂಸ್ವಾ ಎಂಬ ಹೆಸರಿನ ಬ್ರೆತಾನ್ ರೂಪ ಫಾಂಶ್. ಅದರಲ್ಲಿ ಒಂದು ಅಕ್ಷರದ ತಲೆಯ ಮೇಲೆ ಸಣ್ಣ ಅಲೆಯಂಥ ಗೆರೆಯಿದೆ. ಆ ಗೆರೆ ಫ್ರೆಂಚಿನದಲ್ಲವೆಂದು 2017ರಲ್ಲಿ ಕ್ಯಾಂಪೇರ್ ನಗರದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತಂದೆತಾಯಿಗಳು ಮೇಲ್ಮನವಿ ಸಲ್ಲಿಸಿದರು. 2018ರ ನವೆಂಬರಿನಲ್ಲಿ ರೆನ್ ನಗರದ ಮೇಲಿನ ನ್ಯಾಯಾಲಯ ಗೆರೆಯನ್ನು ಉಳಿಸಿತು.

ಇಲ್ಲಿ ನ್ಯಾಯಾಲಯದ ವರೆಗೆ ಹೋಗುವ ಅಗತ್ಯವಿಲ್ಲ, ಮೊದಲ ಕಾಗದದಲ್ಲಿ ಎಚ್ಚರವಿದ್ದರೆ ಸಾಕು. ಮಗುವಿನ ಜನನವನ್ನು ಹೆಸರಿಲ್ಲದೆಯೇ ನೋಂದಾಯಿಸಿದ್ದರೂ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆ ಬಳಿಕ ತಡವಾದ ಶುಲ್ಕ ಕಟ್ಟಿ ಹದಿನೈದು ವರ್ಷದ ವರೆಗೆ ಅವಕಾಶವಿದೆ. ತೊಟ್ಟಿಲ ದಿನ ಕಿವಿಯಲ್ಲಿ ಹೇಳಿದ ಹೆಸರನ್ನು ಅದೇ ದಿನ ಒಂದು ಹಾಳೆಯ ಮೇಲೆ ಕನ್ನಡ, ದೇವನಾಗರಿ, ರೋಮನ್ ಮೂರರಲ್ಲೂ ಬರೆದಿಟ್ಟುಕೊಂಡು, ಆ ಹಾಳೆಯನ್ನೇ ನೋಡಿ ಎಲ್ಲ ಅರ್ಜಿ ತುಂಬಿದರೆ ಮುಂದಿನ ಅಲೆದಾಟ ತಪ್ಪುತ್ತದೆ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಒಮ್ಮೆ ಕುಳಿತ ರೂಪವೇ ಶಾಲೆ ಬಿಟ್ಟ ದಾಖಲೆಗೆ, ಹತ್ತನೆಯ ತರಗತಿಯ ಅಂಕಪಟ್ಟಿಗೆ ನಡೆಯುತ್ತದೆ. ಹತ್ತನೆಯ ಪರೀಕ್ಷೆಗಿಂತ ಮೊದಲು ತಿದ್ದುವುದಕ್ಕೂ ಆಮೇಲೆ ತಿದ್ದುವುದಕ್ಕೂ ಇರುವ ಅಂತರವನ್ನು ಅನುಭವಿಸಿದ ಪಾಲಕರೇ ಹೇಳಬೇಕು.

ಈಚೆಗೆ ಇನ್ನ���ಂದು ಬಾಗಿಲು ತೆರೆದಿದೆ. 2024ರ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನು ಮಹಾರಾಷ್ಟ್ರ ಸರಕಾರ ತಂದಿದೆ. ಇದುವರೆಗೆ ಮಗುವಿನ ಹೆಸರಿನೊಳಗೆ ಬರುತ್ತಿದ್ದದ್ದು ತಂದೆಯ ಕಡೆಯ ಸಂತ ಮಾತ್ರ. ಶರಣೆಯರಿಗೆ ಅಲ್ಲಿ ಎಡೆಯಿರಲಿಲ್ಲ. ಬಸವಣ್ಣನ ಮಡದಿಯರಾದ ನೀಲಮ್ಮ ಮತ್ತು ಗಂಗಮ್ಮ, ಹಾಗೂ ಅಕ್ಕನಾಗಮ್ಮ, ಅಕ್ಕಮಹಾದೇವಿಯರ ಹೆಸರಿನ ಹೆಣ್ಣುಮಕ್ಕಳು ಗಡಿಯಲ್ಲಿ ಬೇಕಾದಷ್ಟಿದ್ದರೂ ಅವರ ಹೆಸರು ಮುಂದಿನ ತಲೆಮಾರಿನ ಕಾಗದಕ್ಕೆ ದಾಟುತ್ತಿರಲಿಲ್ಲ. ಊರುಗಳ ಮೇಲಂತೂ ಶರಣೆಯರ ಹೆಸರು ತೀರ ವಿರಳ. ಇದರ ಮೇಲೆ ಮದುವೆಯಲ್ಲಿ ವಧುವಿನ ಹೆಸರನ್ನೇ ಬದಲಿಸಿ, ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರು ಬರೆಯುವ ಮರಾಠಿ ರೂಢಿ ಗಡಿಯ ಕೆಲವು ಕನ್ನಡ ಮನೆಗಳಿಗೂ ಹೊಕ್ಕಿತು. ತವರಿನಲ್ಲಿ ನೀಲಮ್ಮನಾಗಿದ್ದವಳು ಗಂಡನ ಮನೆಯಲ್ಲಿ ಬೇರೆ ಯಾರೋ ಆದಳು, ಅವಳ ಶಾಲೆಯ ದಾಖಲೆ ಒಂದು ಹೆಸರಿನಲ್ಲಿ, ಮತದಾರರ ಪಟ್ಟಿ ಇನ್ನೊಂದರಲ್ಲಿ.

ಹೊಸ ಕ್ರಮದಲ್ಲಿ ತಾಯಿಯ ಹೆಸರನ್ನು ಎಲ್ಲಿಂದ ಎತ್ತಿ ಬರೆಯಬೇಕೆಂಬ ಪ್ರಶ್ನೆ ಪ್ರತಿ ಮನೆಯೊಳಗೂ ಬರಲಿದೆ. ತವರಿನ ಹೆಸರು ಬೇಕೆಂದರೆ ತಾಯಿಯ ಆಧಾರ್ ಮತ್ತು ಶಾಲೆ ಬಿಟ್ಟ ದಾಖಲೆಗಳು ಮೊದಲು ಒಂದಕ್ಕೊಂದು ಹೊಂದಬೇಕು. ಹಾಗೆ ಹೊಂದಿಸಿಕೊಂಡ ಮನೆಯಲ್ಲಿ ಮಗುವಿನ ಹೆಸರು, ಊಹೆಗೆ ಹೇಳುವುದಾದರೆ, 'ಸಿದ್ಧರಾಮ ನೀಲಮ್ಮ ಬಸಪ್ಪ ಉದಗೀರಕರ' ಎಂದಾದೀತು. ಸೊನ್ನಲಿಗೆಯ ಒಬ್ಬ ಶರಣ, ಕಲ್ಯಾಣದ ದಂಪತಿ, ಕೋಟೆಯೊಳಗಿನ ಒಬ್ಬ ಋಷಿ ಅದರಲ್ಲಿ ಇರುತ್ತಾರೆ. ಅರ್ಜಿಯ ಚೌಕಗಳು ಸಾಲದೆ ಹೋದರೆ ಕೊನೆಯ ಹೆಸರನ್ನು ಎರಡನೆಯ ಸಾಲಿನಲ್ಲಿ ಬರೆಯಬೇಕಾಗುತ್ತದೆ.